ಕರಗಿ ಹೋಗುವ ಮೇಣ, ಉಳಿದು ಬರುವ ಲೋಹ

ಕುಮಟಾ, ಹೊನ್ನಾವರಗಳ ಗುಡಿಗಾರರು ಶ್ರೀಗಂಧದ ಕೊರಡಿನಿಂದ ಬೇಡವಾದುದನ್ನು ಕೆತ್ತಿ ತೆಗೆದು ಮೂರ್ತಿಯನ್ನು ಹೊರಗೆಡಹುವ ಕುಶಲಿಗಳು. ಅಲ್ಲಿ ಉಳಿಯು ಒಮ್ಮೆ ತಪ್ಪಿ ನಡೆದರೆ ಹೋದ ಭಾಗವು ಮರಳಿ ಬಾರದು. ಅದೇ ಕರಾವಳಿಯ ದೇವಾಲಯಗಳಲ್ಲಿ ಉತ್ಸವಕ್ಕೆ ಹೊರಡುವ ಪಂಚಲೋಹದ ಮೂರ್ತಿಗಳು ಹುಟ್ಟುವ ಬಗೆಯೇ ಬೇರೆ. ಅವನ್ನು ಸಾಮಾನ್ಯವಾಗಿ ಮೊದಲು ಜೇನುಮೇಣದಲ್ಲಿ ರೂಪಿಸುವರು. ತಪ್ಪಿದುದನ್ನು ಬೆರಳಿನಿಂದಲೇ ತಿದ್ದಬಹುದು. ಘಟ್ಟದ ಕಾಡುಗಳಲ್ಲಿ ಹೆಜ್ಜೇನಿಗೆ ಬರವಿಲ್ಲ. ತಾಮ್ರವಾದರೋ ಕಡಲಿನಿಂದ ಬರುತ್ತಿದ್ದಿತು. ೧೬ನೆಯ ಶತಮಾನದ ಆದಿಯಲ್ಲಿ ಈ ತೀರವನ್ನು ಕುರಿತು ಬರೆದ ಪೋರ್ಚುಗೀಸ ದುಆರ್ತೆ ಬಾರ್ಬೋಸನು, ಭಟ್ಕಳದ ಬಂದರಿಗೆ ಬಂದು, ನಾಣ್ಯಗಳಿಗಾಗಿಯೂ ಅಡುಗೆಯ ಪಾತ್ರೆಗಳಿಗಾಗಿಯೂ ಒಳನಾಡಿಗೆ ಸಾಗುತ್ತಿದ್ದ ತಾಮ್ರವನ್ನು ಹೆಸರಿಸಿದ್ದಾನೆ.

ಮೇಣದ ರೂಪವನ್ನು ಲೋಹಕ್ಕೆ ಮಾರ್ಪಡಿಸುವ ಈ ಕ್ರಮಕ್ಕೆ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಮಧೂಚ್ಛಿಷ್ಟವೆಂದರೆ ಜೇನು ಹಿಂಡಿದ ಮೇಲೆ ಉಳಿದದ್ದು, ಅರ್ಥಾತ್ ಮೇಣ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದರ ವಿವರಣೆಯಿದೆ. ಮೇಣದ ಮೂರ್ತಿಗೆ ದತ್ತೂರದ ಹೂವಿನಾಕಾರದ ಮೇಣದ ನಾಳಗಳನ್ನು ಅಂಟಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಮೂರು ಸಲ ಲೇಪಿಸಿ, ಪ್ರತಿಸಲವೂ ನೆರಳಿನಲ್ಲಿ ಒಣಗಿಸಬೇಕು. ಮೊದಲ ಲೇಪವು ತೆಳುವಾಗಿರತಕ್ಕದ್ದು. ಮೂರ್ತಿಯ ಕಣ್ಣರೆಪ್ಪೆಯ ಗೆರೆಯನ್ನು ಹಿಡಿದಿಡುವುದು ಅದೇ ಪದರವಲ್ಲವೇ! ಹೊಟ್ಟು ಹತ್ತಿಗಳು ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳನ್ನುಂಟುಮಾಡಿ, ಒಳಗಿನ ಗಾಳಿಗೆ ದಾರಿಗೊಡುವುವು. ಅನಂತರ ಅಚ್ಚನ್ನು ಕಾಸಿದರೆ ಸುಮಾರು ೬೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೇಣವು ಕರಗಿ ಹರಿದುಹೋಗುವುದು. ಆ ಬರಿದಾದ ಎಡೆಗೆ ಕಾಯ್ದ ಲೋಹವನ್ನು ಹೊಯ್ಯುವರು. ಆರಿದ ಮೇಲೆ ಅಚ್ಚನ್ನು ಒಡೆಯುವರು.

ಮೇಣವೂ ಹೋಯಿತು, ಅಚ್ಚೂ ಹೋಯಿತು. ಆದುದರಿಂದ ಹೊಯ್ಯುವಾಗ ಲೋಹವು ಸಾಲದೆ ಹೋದರೆ ತಿಂಗಳ ಶ್ರಮವೆಲ್ಲ ವ್ಯರ್ಥ. ಎಷ್ಟು ಲೋಹ ಬೇಕೆಂದು ಮೊದಲೇ ತಿಳಿಯುವುದು ಹೇಗೆ? ಮೇಣವನ್ನು ತೂಗಿಕೊಳ್ಳಬೇಕೆಂದು ಗ್ರಂಥವು ವಿಧಿಸುತ್ತದೆ. ತಾಮ್ರ ಹಿತ್ತಾಳೆಗಳಾದರೆ ಮೇಣದ ಎಂಟರಿಂದ ಹತ್ತು ಮಡಿ, ಬೆಳ್ಳಿಯಾದರೆ ಹನ್ನೆರಡು ಮಡಿ, ಚಿನ್ನವಾದರೆ ಹದಿನಾರು ಮಡಿ. ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ನೋಡಬಹುದು. ಮೇಣದ ಸಾಂದ್ರತೆ ೦.೯೬; ತಾಮ್ರದ್ದು ೮.೯೬. ಒಂದೇ ಎಡೆಯನ್ನು ತುಂಬಲು ತಾಮ್ರವು ಮೇಣಕ್ಕಿಂತ ೯.೩ ಮಡಿ ಬೇಕಾಗುವುದು. ಬೆಳ್ಳಿಗೆ ಲೆಕ್ಕವು ೧೦.೯ ಬರುತ್ತದೆ, ಸೋಮೇಶ್ವರನ ಹನ್ನೆರಡರಲ್ಲಿ ಸ್ವಲ್ಪ ಮಿಗುವುದು, ಅದು ಒಳ್ಳೆಯದೇ. ಶುದ್ಧ ಚಿನ್ನಕ್ಕೆ ಮಾತ್ರ ಇಪ್ಪತ್ತು ಮಡಿ ಬೇಕು, ಹದಿನಾರು ಸಾಲದು. ಮುಕ್ಕಾಲು ಪಾಲು ಚಿನ್ನವಿರುವ ಮಿಶ್ರಲೋಹಕ್ಕೆ ಹದಿನಾರು ಸರಿಹೊಂದುತ್ತದೆಂಬುದು ಕುತೂಹಲದ ಸಂಗತಿ. ಸಾಂದ್ರತೆಯೆಂಬ ಪದವಿಲ್ಲದೆಯೇ ಸಾಂದ್ರತೆಯ ಪಟ್ಟಿಯೊಂದು ಇಲ್ಲಿ ಸಿದ್ಧವಾಗಿದೆ ಎನ್ನಬೇಕು. ಇಂದಿನ ದಂತ ಪ್ರಯೋಗಶಾಲೆಗಳಲ್ಲಿಯೂ ಮೇಣವನ್ನು ತೂಗಿ, ಲೋಹದ ಸಾಂದ್ರತೆಯಿಂದ ಗುಣಿಸಿ, ಬೇಕಾದ ಲೋಹವನ್ನು ಗೊತ್ತುಮಾಡುವ ರೂಢಿಯುಂಟು.

ಹಲ್ಲಿಗೂ ಮೇಣಕ್ಕೂ ಏನು ಸಂಬಂಧ? ಹುಳುಕು ಹಿಡಿದ ಹಲ್ಲಿನ ಕುಳಿಗೆ ಹಿಂದೆ ತೆಳು ಚಿನ್ನದ ಹಾಳೆಗಳನ್ನು ತಟ್ಟಿ ತಟ್ಟಿ ತುಂಬುತ್ತಿದ್ದರು. ರೋಗಿಯ ಪಾಡನ್ನು ವಾಚಕರೇ ಊಹಿಸಿಕೊಳ್ಳಲಿ. ೧೯೦೭ರಲ್ಲಿ ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್, ಕುಳಿಯ ಆಕಾರವನ್ನು ಮೇಣದಲ್ಲಿ ಪಡೆದು ಚಿನ್ನದಲ್ಲಿ ಎರಕ ಹೊಯ್ಯುವ ಕ್ರಮವನ್ನು ಪ್ರಚುರಪಡಿಸಿದನು. ಅಯೋವಾದ ಫಿಲ್‌ಬ್ರೂಕ್ ಎಂಬಾತನು ೧೮೯೭ರಲ್ಲಿಯೇ ಇದನ್ನು ವಿವರಿಸಿದ್ದರೂ ಯಾರೂ ಲಕ್ಷ್ಯಗೊಡಲಿಲ್ಲ.

ಇಲ್ಲಿ ಹೊಸ ತೊಡಕೊಂದು ಎದುರಾಯಿತು. ಲೋಹವು ಘನೀಭವಿಸಿ ತಣಿಯುವಾಗ ಕುಗ್ಗುವುದು. ಚಿನ್ನದ ಮಿಶ್ರಲೋಹಗಳಲ್ಲಿ ಉದ್ದದ ಕುಗ್ಗುವಿಕೆ ನೂರಕ್ಕೆ ಸುಮಾರು ಒಂದೂವರೆ. ಒಂದಡಿಯ ವಿಗ್ರಹವು ಅಷ್ಟು ಕುಗ್ಗಿದರೆ ಭಕ್ತರಿಗಾಗಲಿ ಶಿಲ್ಪಿಗಾಗಲಿ ನಷ್ಟವಿಲ್ಲ. ಆದರೆ ೮ ಮಿಲಿಮೀಟರ್ ಅಗಲದ ಹಲ್ಲಿನ ಕವಚವು ೦.೧೨ ಮಿಲಿಮೀಟರ್ ಕಿರಿದಾದರೆ ಹಲ್ಲಿನ ಮೇಲೆ ಕೂರದು. ಕೂದಲೆಳೆಯಷ್ಟು ಸಂದು ಉಳಿದರೂ ಅಲ್ಲಿ ಮತ್ತೆ ಹುಳುಕು ಹೊಕ್ಕೀತು. ಪರಿಹಾರವನ್ನು ಅಚ್ಚಿನಲ್ಲಿಯೇ ಹುಡುಕಿದರು. ಅಚ್ಚಿನ ಪುಡಿಗೆ ಬೆಣಚುಕಲ್ಲಿನ ಜಾತಿಯ ಸಿಲಿಕವನ್ನು ಬೆರೆಸುವರು. ಬೆಣಚು ೫೭೩ ಡಿಗ್ರಿಯ ಬಳಿ ತನ್ನ ಸ್ಫಟಿಕರಚನೆಯನ್ನು ಬದಲಿಸಿ ಹಿಗ್ಗುತ್ತದೆ. ಅದರ ಸೋದರ ಕ್ರಿಸ್ಟೊಬಲೈಟ್ ಇನ್ನೂ ಕಡಿಮೆ ಉಷ್ಣತೆಯಲ್ಲಿ ಹಿಗ್ಗುತ್ತದೆ. ಗಟ್ಟಿಯಾಗುವಾಗಲೂ ಅಚ್ಚು ತುಸು ಹಿಗ್ಗುವುದು. ಹೀಗೆ ಅಚ್ಚಿನ ಹಿಗ್ಗು ಲೋಹದ ಕುಗ್ಗನ್ನು ಸರಿದೂಗಿಸುವಂತೆ ಹದಗೊಳಿಸುವರು. ನನ್ನ ಮಟ್ಟಿಗೆ ಇಡೀ ವಿದ್ಯೆಯ ಅತ್ಯಂತ ಜಾಣ್ಮೆಯ ಭಾಗವಿದು.

ಬಾಯಿಯಿಂದ ಎಲುಬಿಗೆ ದಾರಿ ದೂರವಿರಲಿಲ್ಲ. ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂಗಳ ಮಿಶ್ರಲೋಹವಾದ ವೈಟಾಲಿಯಂ ಆಗಲೇ ದಂತವೈದ್ಯರ ಬಳಕೆಯಲ್ಲಿತ್ತು. ೧೯೩೮ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಸ್ಮಿತ್-ಪೀಟರ್ಸನ್ ಅದರಿಂದ ಮಾಡಿದ ಬಟ್ಟಲನ್ನು ಸವೆದ ಸೊಂಟದ ಕೀಲಿಗೆ ತೊಡಿಸಿದನು. ಈ ಜಾತಿಯ ಲೋಹವು ಬಲು ಗಡಸು. ಕಡೆದು ಆಕಾರಗೊಳಿಸುವುದು ಕಷ್ಟ. ಇಂದು ಮಂಡಿಯ ಕೀಲು ಬದಲಾಯಿಸುವಾಗ ತೊಡೆಯೆಲುಬಿನ ತುದಿಗೆ ತೊಡಿಸುವ ಬಳುಕು ಮೈಯ ಕವಚವನ್ನು ಹೆಚ್ಚಾಗಿ ಮೇಣದ ಎರಕದಿಂದಲೇ ಮಾಡುವರು. ಮಣ್ಣಿನ ಬದಲು ಪಿಂಗಾಣಿಯಂಥ ಪುಡಿಯ ಬಗ್ಗಡದಲ್ಲಿ ಮೇಣದ ರೂಪವನ್ನು ಅದ್ದಿ, ಮರಳು ಉದುರಿಸಿ, ಒಣಗಿಸಿ, ಮತ್ತೆ ಮತ್ತೆ ಅದ್ದಿ ಚಿಪ್ಪು ಬೆಳೆಸುವರು. ಮೇಣವನ್ನು ಹಬೆಯಿಂದ ಕರಗಿಸುವರು. ಎರಕದೊಳಗೆ ಗುಳ್ಳೆಯೊಂದು ಅಡಗಿದ್ದರೆ ವಿಗ್ರಹವು ನೂರಾರು ವರ್ಷ ನಿಂತೀತು. ನಡೆಯುವವನ ಮಂಡಿಯಾದರೋ ಹೆಜ್ಜೆಹೆಜ್ಜೆಗೂ ಅದರ ಮೇಲೆ ಭಾರ ಹೇರಿ, ಒಂದು ದಿನ ಅಲ್ಲಿಂದಲೇ ಬಿರುಕು ಬಿಡಿಸೀತು. ಆದಕಾರಣ ಇಂಥ ಕವಚಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದ ಮೇಲೆಯೇ ಶಸ್ತ್ರವೈದ್ಯನ ಕೈಗೆ ಕೊಡುವರು.