ಆಕರ ಕೋಶಗಳು: ಸಾಮರ್ಥ್ಯ ಮತ್ತು ಮಿತಿ

ಆಕರ ಕೋಶವನ್ನು ಪತ್ರಿಕೆಗಳು ‘ಕಾಂಡಕೋಶ’ ಎಂದು ಬರೆಯುವುದುಂಟು. ಮಕ್ಕಳು ಗಿಡದ ಕಾಂಡವನ್ನು ನೆನೆಯುವುದು ಸಹಜ; ಪಾಠದ ಆರಂಭದಲ್ಲೇ ಈ ಗೊಂದಲವನ್ನು ನಿವಾರಿಸುವುದು ಲೇಸು. ತನ್ನಂಥ ಕೋಶಗಳನ್ನು ಮತ್ತೆ ಮತ್ತೆ ಹುಟ್ಟಿಸುತ್ತಲೇ, ನಿರ್ದಿಷ್ಟ ಕಾರ್ಯವುಳ್ಳ ಕೋಶವಾಗಿಯೂ ಮಾರ್ಪಡಬಲ್ಲುದು ಆಕರ ಕೋಶ.

ಇವುಗಳ ಸಾಮರ್ಥ್ಯ ಮಾತ್ರ ಒಂದೇ ತೆರನಲ್ಲ. ಯುಗ್ಮಜವು ಇಡೀ ಶಿಶುವನ್ನೂ ಅದನ್ನು ಪೋಷಿಸುವ ಮಾಸನ್ನೂ ರೂಪಿಸಬಲ್ಲುದು. ಸುಮಾರು 5 ದಿನಗಳ ಭ್ರೂಣದ ಒಳಗುಂಪಿನ ಕೋಶಗಳು ದೇಹದ ಯಾವುದೇ ಬಗೆಯ ಕೋಶವಾಗಬಲ್ಲವು. ಅಸ್ಥಿಮಜ್ಜೆಯಲ್ಲಿರುವ ರಕ್ತೋತ್ಪಾದಕ ಆಕರ ಕೋಶದ ವ್ಯಾಪ್ತಿ ಕಿರಿದು: ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುತಟ್ಟೆಗಳನ್ನು ಅದು ನೀಡುತ್ತದೆ, ನರಕೋಶವನ್ನಲ್ಲ. ಬೆಳೆದ ಕೋಶವನ್ನು ಹಿಂದಿನ ಸ್ಥಿತಿಗೆ ಮರಳಿಸಲೂ ಸಾಧ್ಯವೆಂಬುದು ಈಚಿನ ಅರಿವು. 2006ರಲ್ಲಿ ಜಪಾನಿನ ಶಿನ್ಯ ಯಮನಕ ಮತ್ತು ಅವರ ಸಹೋದ್ಯೋಗಿ ನಾಲ್ಕು ಜೀನುಗಳನ್ನು ಸೇರಿಸಿ ಇಲಿಯ ಕೋಶಗಳಲ್ಲಿ ಇದನ್ನು ಸಾಧಿಸಿದರು. ಯಮನಕರಿಗೆ 2012ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಈ ಮಿತಿಯ ಪಾಠಕ್ಕೆ ತರಗತಿಯ ಹೊರಗೂ ಬೆಲೆಯಿದೆ. ಥಲಸ್ಸೇಮಿಯ ಹಾಗೂ ಕೆಲವು ರಕ್ತ ಕ್ಯಾನ್ಸರುಗಳಿಗೆ ದಾನಿಯ ಅಸ್ಥಿಮಜ್ಜೆಯ ಕಸಿ ಸ್ಥಾಪಿತ ಚಿಕಿತ್ಸೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ಆಕರ ಕೋಶದ ಹೆಸರಿನಲ್ಲಿ ದುಬಾರಿ ಶುಲ್ಕಕ್ಕೆ ನೀಡುವ ಚುಚ್ಚುಮದ್ದು ಹಾಗಲ್ಲ. ಹೊಲ ಮಾರಲು ಹೊರಟ ಪಾಲಕರು ಸಲಹೆ ಕೇಳಿದರೆ, ಶಿಕ್ಷಕರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ತಿಳಿಸಬೇಕು: ಇಂಥ ಪ್ರಯೋಗಗಳಿಗೆ ಅನುಮೋದಿತ ಸಂಶೋಧನೆಯ ಹೊರಗೆ ಅವಕಾಶವಿಲ್ಲ.