ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮತ್ತು ಅವುಗಳ ಜೀನ್‌ಗಳು

2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿದಾಗ ಅದರ ಇಂಧನ ಸೋರಿ ದಡಕ್ಕೆ ಬಂದೀತೆಂಬ ಆತಂಕವಿತ್ತು. ಕಡಲಿಗೆ ಚೆಲ್ಲಿದ ಇಂಥ ಎಣ್ಣೆಯನ್ನೇ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದುದು ಆಲ್ಕನಿವೊರಾಕ್ಸ್ ಬೋರ್ಕುಮೆನ್ಸಿಸ್. ಹೆಸರು ಬಂದದ್ದು ಉತ್ತರ ಸಮುದ್ರದ ಬೋರ್ಕುಮ್ ದ್ವೀಪದಿಂದ. ಜೀನೋಮ್ ಪ್ರಕಟವಾದದ್ದು 2006ರಲ್ಲಿ.

ಅದು ಎಣ್ಣೆಯನ್ನು ಒಡೆಯುವ ಕ್ರಮವನ್ನು ಚೆನ್ನಾಗಿ ಗಮನಿಸಿ. ‘ಆಲ್ಕ್-ಬಿ’ ಜೀನ್ ರೂಪಿಸುವ ಆಲ್ಕೇನ್ ಹೈಡ್ರಾಕ್ಸಿಲೇಸ್ ಕಿಣ್ವವು ಎಣ್ಣೆಯಲ್ಲಿನ ಆಲ್ಕೇನ್ ಸರಪಳಿಯ ತುದಿಗೆ ಆಮ್ಲಜನಕ ಸೇರಿಸಿ ಆಲ್ಕೋಹಾಲ್ ಮಾಡುತ್ತದೆ. ಅದು ಮುಂದೆ ಆಲ್ಡಿಹೈಡ್, ಆಮೇಲೆ ಕೊಬ್ಬಿನಾಮ್ಲವಾಗಿ ಬೀಟಾ ಉತ್ಕರ್ಷಣೆಯಲ್ಲಿ ಒಡೆಯುತ್ತದೆ. ಆಮ್ಲಜನಕ, ಸಾರಜನಕ, ರಂಜಕ ಸಾಲದಿದ್ದರೆ ಈ ಕೆಲಸ ಕುಂಟುತ್ತದೆ.

ಪರೀಕ್ಷೆಯಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲೇ: ಎಣ್ಣೆ ತಿನ್ನುವ ಹೊಸ ತಳಿ ರೂಪಿಸಲು ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಬಳಸಿದ್ದು ಕಡಲ ಜೀವಿಯನ್ನಲ್ಲ, ಸ್ಯೂಡೊಮೊನಾಸ್ ಅನ್ನು. ಈ ಕುಲದವು ಹುಣಸೂರಿನ ಗ್ಯಾರೇಜಿನ ಎಣ್ಣೆ ಹಿಡಿದ ಮಣ್ಣಿನಲ್ಲೂ ಇರಬಲ್ಲವು. ಬೇರೆಬೇರೆ ಹೈಡ್ರೋಕಾರ್ಬನ್‌ಗಳನ್ನು ಒಡೆಯುವ ಪ್ಲಾಸ್ಮಿಡ್‌ಗಳನ್ನು ಅವರು ಒಂದೇ ತಳಿಯಲ್ಲಿ ಕೂಡಿಸಿದರು. 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಇಂಥ ಜೀವಿಗೂ ಪೇಟೆಂಟ್ ಸಲ್ಲುತ್ತದೆಂದು ತೀರ್ಪಿತ್ತಿತು.