ಎತ್ತರದ ಗುಹೆಗಳಲ್ಲಿ ಉಷ್ಣತೆ ಮತ್ತು ಆರ್ದ್ರತೆಯ ಅಳತೆ

ಉದ್ದೇಶ: ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬಾರದೆಂಬುದನ್ನು ವಿದ್ಯಾರ್ಥಿಗಳು ಮನಗಾಣುವುದು.

ವಿಷಯ ವಿವರಣೆ: ಗುಹೆಯೊಳಗೆ ಸದಾ ಒಂದೇ ತಂಪಿರುತ್ತದೆ ಎಂಬ ಭಾವನೆ ಮಕ್ಕಳಲ್ಲಿ ಸಾಮಾನ್ಯ. ಗಾಳಿಯ ಸಂಚಾರ ಕಡಿಮೆಯಿರುವ ಆಳವಾದ ಗುಹೆಯ ಮಟ್ಟಿಗೆ ಇದು ಬಹುಪಾಲು ನಿಜ. ಅಲ್ಲಿನ ಉಷ್ಣತೆ ಹೊರಗಿನ ವಾರ್ಷಿಕ ಸರಾಸರಿಗೆ ಸಮೀಪವಾಗಿರುತ್ತದೆ. ಆರ್ದ್ರತೆ ಶೇಕಡಾ 100ರ ಹತ್ತಿರವಿರುತ್ತದೆ. ಪ್ರತಿ 1000 ಮೀಟರ್ ಎತ್ತರಕ್ಕೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ ಎತ್ತರದ ಗುಹೆಗಳು ಹೆಚ್ಚು ತಣ್ಣಗಿರುತ್ತವೆ.

ಗಾಳಿಯಾಡುವ ಗುಹೆಯ ಸ್ಥಿತಿ ಬೇರೆ. ಆಸ್ಟ್ರಿಯದ ಐಸ್‌ರೀಸನ್‌ವೆಲ್ಟ್ ಗುಹೆಯ ದ್ವಾರ 1641 ಮೀಟರ್ ಎತ್ತರದಲ್ಲಿದೆ. 42 ಕಿಲೋಮೀಟರಿಗೂ ಉದ್ದವಾದ ಈ ಗುಹೆಯಲ್ಲಿ ಹಿಮಗಡ್ಡೆಯಿರುವುದು ಮೊದಲ ಸುಮಾರು ಒಂದು ಕಿಲೋಮೀಟರಿನಲ್ಲಿ ಮಾತ್ರ. ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯ ಗಾಳಿ ಮೇಲಿನ ಬಿರುಕುಗಳಿಂದ ಹೊರಹೋಗುತ್ತದೆ. ಕೆಳದ್ವಾರದಿಂದ ಕೊರೆಯುವ ಗಾಳಿ ಒಳನುಗ್ಗಿ ಬಂಡೆಯನ್ನು ತಣಿಸುತ್ತದೆ. ವಸಂತದಲ್ಲಿ ಒಸರುವ ನೀರು ಆ ಬಂಡೆಯ ಮೇಲೆ ಹೆಪ್ಪುಗಟ್ಟುತ್ತದೆ. ಬೇಸಗೆಯಲ್ಲಿ ಗಾಳಿಯ ದಿಕ್ಕು ತಿರುವುಮುರುವಾಗುತ್ತದೆ.

ಒಳಬಂದ ಶೀತಗಾಳಿಯಲ್ಲಿ ನೀರಾವಿ ಕಡಿಮೆ. ಅದು ಒಳಗೆ ಬೆಚ್ಚಗಾದಂತೆ ಅದರ ಸಾಪೇಕ್ಷ ಆರ್ದ್ರತೆ ಕುಸಿದು, ಹಿಮವೂ ಗೋಡೆಯ ತೇವವೂ ಆವಿಯಾಗುತ್ತವೆ. ಆದ್ದರಿಂದ ಇಂತಹ ಗುಹೆಯಲ್ಲಿ ದ್ವಾರದಿಂದ ಒಳಕ್ಕೆ ಹಲವು ಸ್ಥಳಗಳಲ್ಲಿ, ವರ್ಷವಿಡೀ ಅಳತೆ ನಡೆದರೆ ಮಾತ್ರ ಹಿಮ ಉಳಿಯುವುದೋ ಕರಗುವುದೋ ತಿಳಿಯುತ್ತದೆ. ಅಳೆಯುವವರ ಮೈಶಾಖ ಮತ್ತು ಉಸಿರಿನ ತೇವ ಸಹ ಅಂಕಿಗಳನ್ನು ಕೆಡಿಸಬಲ್ಲವು. ಅದಕ್ಕಾಗಿಯೇ ತಾನಾಗಿ ದಾಖಲಿಸುವ ಉಪಕರಣಗಳನ್ನು ಇರಿಸಿ ಬರುವುದು ರೂಢಿ.

ಚಟುವಟಿಕೆ: ಒಂದೇ ಅಂಕಿ ತೋರುವ ಎರಡು ಉಷ್ಣತಾಮಾಪಕಗಳನ್ನು ಆರಿಸಿ, ಒಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಬೇಕು. ಅಂಗಳ, ತರಗತಿ, ಮುಚ್ಚಿದ ಕೋಣೆ – ಈ ಮೂರೂ ಕಡೆ ಬಟ್ಟೆಗೆ ಗಾಳಿ ಬೀಸಿ, ಎರಡು ಅಂಕಿಗಳ ಅಂತರವನ್ನು ಸಮಯಸಹಿತ ಬರೆಯಬೇಕು. ಅಂತರ ಕಡಿಮೆಯಾದಷ್ಟೂ ಆರ್ದ್ರತೆ ಹೆಚ್ಚು. ಬಳಿಕ ಹತ್ತು ಮಕ್ಕಳು ಕೋಣೆಯಲ್ಲಿ ಹದಿನೈದು ನಿಮಿಷ ಕುಳಿತ ಮೇಲೆ ಮತ್ತೆ ಅಳೆಯಬೇಕು.

ಸೂಚನೆ: ವಯನಾಡಿನ ಎಡಕಲ್ ಈ ಪಾಠಕ್ಕೆ ಆಳವಾದ ಗುಹೆಯ ಉದಾಹರಣೆಯಾಗದು. ಅದು ಮೇಲೆ ಬಂಡೆ ಸಿಕ್ಕಿಕೊಂಡಿರುವ ಬಿರುಕು; ಬೆಳಕೂ ಗಾಳಿಯೂ ಒಳಬರುತ್ತವೆ. ಈ ವ್ಯತ್ಯಾಸವನ್ನು ಮಕ್ಕಳೇ ಗುರುತಿಸಲಿ.

ಮೌಲ್ಯಮಾಪನ:
1. ಐಸ್‌ರೀಸನ್‌ವೆಲ್ಟಿನ ಒಳಭಾಗದಲ್ಲಿ ಹಿಮವಿಲ್ಲದಿರಲು ಕಾರಣವೇನು?
2. ಮಕ್ಕಳು ಕುಳಿತ ಮೇಲೆ ಅಂಕಿಗಳು ಬದಲಾದರೆ, ಮೊದಲ ಅಳತೆ ತಪ್ಪೆನ್ನಬಹುದೇ?